ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ

ಹೊನ್ನವಳ್ಳಿ
6 ಮೇ 2024

ತುರುವೇಕೆರೆಯ ಲೇತ್ ಕಾಡಸಿದ್ದಪ್ಪನವರಿಗೆ ಹೊನ್ನವಳ್ಳಿ ಚಿಕ್ಕರಂಗಯ್ಯನ ನಮಸ್ಕಾರ.

ನನ್ನ ಅಕ್ಷರ ನೋಡಿ ತಮಗೆ ಆಶ್ಚರ್ಯವಾಗಬಹುದು. ಫೋನ್ ಮಾಡಬಹುದಿತ್ತು, ಆದರೆ ನಾವಿಬ್ಬರೂ ಮಾತು ಬಿಟ್ಟವರು. ಬರೆಯುವುದನ್ನೂ ಬಿಡುತ್ತೇವೆಂದು ಇಬ್ಬರಲ್ಲಿ ಯಾರೂ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಜೀಪಿನದು. ಎಂಟು ವರ್ಷದ ಕೆಳಗೆ ನಮ್ಮ ಗೃಹಪ್ರವೇಶದ ದಿನ, ಊಟಕ್ಕೆ ಕುಳಿತವರೆಲ್ಲರ ಎದುರು, ತಾವು ಅದರ ಇಂಜಿನ್ನನ್ನು ಸೌದೆ ಒಲೆ ಎಂದಿರಿ. ಅದನ್ನು ತೆಗೆದು ಹೊಸದು ಕೂರಿಸು ಎಂದಿರಿ. ನನ್ನ ಜೀಪಿಗೆ ಇನ್ನು ಕೈ ಹಾಕಬೇಡ ಎಂದು ನಾನು ಹೇಳಿದೆ. ಈಗ ಅದನ್ನು ಎತ್ತಲು ಬರೆದದ್ದಲ್ಲ.

ನನ್ನ ಮಗಳು ಕೋಮಲಾ ಪಶುವೈದ್ಯೆಯಾಗಿದ್ದಾಳೆ. ಹುಳಿಯಾರಿನ ಕುರಿ ಸಾಕುವವರ ಸಂಘದಲ್ಲಿ ಕೆಲಸ. ಬೋರನಕಣಿವೆಯ ಆಚೆ ಗುಡ್ಡದ ಮೇಲಿನ ಹಟ್ಟಿಗಳಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕಬೇಕು. ಲಸಿಕೆ ಐಸ್ ಪೆಟ್ಟಿಗೆಯಲ್ಲೇ ಇರಬೇಕು, ಬಿಸಿ ತಗುಲಿದರೆ ಅದು ಬರೀ ನೀರು. ಹೋದ ವರ್ಷ ನಮ್ಮ ಜೀಪು ಅರ್ಧ ಗುಡ್ಡದಲ್ಲಿ ಕೆಟ್ಟು ನಿಂತಿತು. ಬಿಸಿಲಲ್ಲಿ ಪೆಟ್ಟಿಗೆ ಹೊತ್ತು ಮೇಲೆ ಹತ್ತುವಷ್ಟರಲ್ಲಿ ಐಸೆಲ್ಲ ಕರಗಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ ನೀಲಿ ನಾಲಿಗೆ ರೋಗ ಬಂದು ರಂಗಕ್ಕ ಎನ್ನುವವರ ಮಂದೆಯಲ್ಲಿ ಅರ್ಧಕ್ಕರ್ಧ ಕುರಿ ಹೋದವು. ರಂಗಕ್ಕ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನ್ನ ಮಗಳಿಗೆ ಹಗುರವಾಗುತ್ತಿತ್ತೋ ಏನೋ.

ಆ ರಂಗಕ್ಕನ ಮಗ ಜುಂಜೇಶ್ ಹುಳಿಯಾರಿನಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಅದೇ ಕಂಪನಿಯ ಹೊಸ ಕಾಲದ ಡೀಸೆಲ್ ಇಂಜಿನ್ನು, ಪಲ್ಟಿ ಹೊಡೆದ ಗಾಡಿಯದು, ಕಾಗದಪತ್ರದ ಸಮೇತ ಗೊತ್ತು ಮಾಡಿದ್ದಾನೆ. ಆರ್‌ಟಿಒ ಅನುಮತಿಗೂ ಅರ್ಜಿ ಕೊಟ್ಟಿದ್ದೇವೆ. ತೊಂದರೆ ಒಂದೇ. ಹೊಸ ಇಂಜಿನ್ನಿನ ಬೆನ್ನಿನ ಅಳತೆ ಬೇರೆ, ಹಳೆಯ ಗೇರ್‌ಬಾಕ್ಸಿನ ಮುಖದ ಅಳತೆ ಬೇರೆ. ಎರಡನ್ನೂ ಜೋಡಿಸಲು ನಡುವೆ ಒಂದು ಉಕ್ಕಿನ ಪ್ಲೇಟು ಬೇಕು. ಅಂಥ ಪ್ಲೇಟು ಮಾಡುವವರು ಈ ಕಡೆ ಯಾರಿದ್ದಾರೆ ಎಂದು ತಾವು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಇಂತಿ,
ಚಿಕ್ಕರಂಗಯ್ಯ


ತುರುವೇಕೆರೆ
14 ಮೇ 2024

ಹೊನ್ನವಳ್ಳಿ ಚಿಕ್ಕರಂಗಯ್ಯನವರಿಗೆ,

ತಮ್ಮ ಪತ್ರ ತಲುಪಿತು. ಅಂಥ ಪ್ಲೇಟು ಮಾಡುವವನು ತುರುವೇಕೆರೆಯಲ್ಲಿ ಒಬ್ಬನಿದ್ದಾನೆ. ವಿಳಾಸ ತಮಗೆ ಗೊತ್ತಿದೆ.

ಟೇಪು ಹಿಡಿದು ಅಳೆದ ಅಳತೆ ಕಳಿಸಬೇಡಿ. ತಾವು ಟೇಪು ಹಿಡಿದರೆ ಏನಾಗುತ್ತದೆಂದು ನಮ್ಮ ಹಿತ್ತಿಲ ಬಾಗಿಲನ್ನು ಕೇಳಿದರೆ ಹೇಳುತ್ತದೆ, ಇವತ್ತಿಗೂ ಚಿಲಕ ಬೀಳುವುದಿಲ್ಲ. ದಪ್ಪ ರಟ್ಟು ತೆಗೆದುಕೊಂಡು ಇಂಜಿನ್ನಿನ ಬೆನ್ನಿಗೆ ಒತ್ತಿ, ಅಂಚಿನ ಮೇಲೆ ಹಗುರವಾಗಿ ಸುತ್ತಿಗೆ ಆಡಿಸಿದರೆ ಎಲ್ಲ ತೂತುಗಳ ಗುರುತೂ ರಟ್ಟಿನ ಮೇಲೆ ಮೂಡುತ್ತದೆ. ಗೇರ್‌ಬಾಕ್ಸಿಗೂ ಹಾಗೆಯೇ ಮಾಡಿ, ಎರಡು ರಟ್ಟನ್ನೂ ಕಳಿಸುವುದು.

ಹಳೆಯ ಇಂಜಿನ್ನಿನ ಬಗ್ಗೆ ಅಂದು ಆಡಿದ ಮಾತನ್ನು ನಾನು ವಾಪಸ್ಸು ತೆಗೆದುಕೊಂಡಿಲ್ಲ. ಈ ಪತ್ರವನ್ನು ಹಾಗೆಂದು ಓದಿಕೊಳ್ಳಬಾರದು.

ಕೋಮಲಾ ಡಾಕ್ಟರಾದದ್ದು ತಿಳಿದು ಬಹಳ ಸಂತೋಷವಾಯಿತು. ಈ ಕೊನೆಯ ಸಾಲು ಅವಳಿಗೆ ಬರೆದದ್ದು, ತಮಗಲ್ಲ.

ಇಂತು,
ಕಾಡಸಿದ್ದಪ್ಪ


ಹೊನ್ನವಳ್ಳಿ
27 ಮೇ 2024

ಕಾಡಸಿದ್ದಪ್ಪನವರಿಗೆ,

ರಟ್ಟುಗಳನ್ನು ಬಸ್ಸಿನಲ್ಲಿ ಕೊಟ್ಟು ಕಳಿಸಿದ್ದೇನೆ. ನೀವು ಹೇಳಿದ ಹಾಗೆಯೇ ಸುತ್ತಿಗೆ ಆಡಿಸಿದೆವು. ತೂತುಗಳು ಚೆನ್ನಾಗಿ ಮೂಡಿವೆ. ನಿಮ್ಮ ಸಾಲನ್ನು ಕೋಮಲಾಗೆ ತೋರಿಸಿದೆ. ಆ ಪತ್ರವನ್ನು ಅವಳೇ ಇಟ್ಟುಕೊಂಡಳು.

ಮೊನ್ನೆ ಹಳೆಯ ಇಂಜಿನ್ನನ್ನು ಇಳಿಸಿದೆವು. ಕಾಯಿ ಸುಲಿಯುವ ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ, ಕೆಳಗೆ ತೆಂಗಿನ ಮಟ್ಟೆ ಹಾಸಿ, ಜುಂಜೇಶ್ ಮೆಲ್ಲಗೆ ಎತ್ತಿದ. ಇಳಿಸಿದ ಮೇಲೆ ಜೀಪಿನ ಮುಂಭಾಗ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತಿತ್ತು. ನೋಡಲಾಗದೆ ಬಾನೆಟ್ ಮುಚ್ಚಿದೆ. ಇಂಜಿನ್ನಿನ ಪಕ್ಕದ ಬ್ರಾಕೆಟ್ಟಿನ ಮಸಿ ಉಜ್ಜಿದಾಗ ಅದರಡಿ ನೀವು ಪಂಚಿನಲ್ಲಿ ಕೊರೆದ ಹೆಸರಿನ ಗುರುತು ಕಾಣಿಸಿತು, ‘ಕಾ. ಸಿ.’ ಎಂದು. ಆ ಬ್ರಾಕೆಟ್ಟು ಕೂರಿಸಿ ಮೊದಲ ಸಲ ಓಡಿಸಿದ ದಿನ ನಾವು ಅರಸೀಕೆರೆಯಿಂದ ವಾಪಸ್ಸು ಬರುತ್ತಿದ್ದದ್ದು, ದಾರಿಯುದ್ದಕ್ಕೂ ನೀವು ಹಾಡು ಹೇಳಿದ್ದು, ನಾನು ತಡೆಯಲಾರದೆ ಜೀಪು ನಿಲ್ಲಿಸಿದ್ದು, ಎಲ್ಲ ನೆನಪಾಯಿತು. ಹಾಡು ಈಗಲೂ ಹೇಳುತ್ತೀರೋ ಏನೋ.

ಇದನ್ನೆಲ್ಲ ಬರೆಯುವ ಉದ್ದೇಶವಿರಲಿಲ್ಲ. ಮಳೆ ಬಂದು ಕರೆಂಟು ಹೋಗಿದೆ, ಬೇರೆ ಕೆಲಸವಿಲ್ಲ.

ಇಂತಿ,
ಚಿಕ್ಕರಂಗಯ್ಯ


ತುರುವೇಕೆರೆ
9 ಜೂನ್ 2024

ಮಗಳು ಕೋಮಲಾಗೆ ನಿರ್ಮಲತ್ತೆಯ ಆಶೀರ್ವಾದ.

ಇವರು ನಿಮ್ಮಪ್ಪನಿಗೆ ಬರೆಯುತ್ತಿದ್ದಾರೆ, ನಾನು ನಿನಗೆ ಬರೆಯುತ್ತೇನೆ. ಈ ವಿಷಯ ನಿನ್ನಲ್ಲೇ ಇರಲಿ.

ನಿಮ್ಮ ಮಾವನಿಗೆ ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಇವರಿಗೆ ಕೈ ಮೇಲಿನ ನಂಬಿಕೆ ಹೋಗಿಬಿಟ್ಟಿತು. ಸಂಕ್ರಾಂತಿಯ ಮೇಲೆ ಅಂಗಡಿಯ ಬಾಗಿಲು ತೆಗೆಯಲೇ ಇಲ್ಲ. ದಿನವಿಡೀ ಜಗುಲಿಯಲ್ಲಿ ಕುಳಿತು ಹೋಗಿ ಬರುವ ಬಸ್ಸು ನೋಡುವುದು. ಕಡೆಗೆ ಲೇತ್ ಯಂತ್ರವನ್ನೇ ಮಾರುತ್ತೇನೆಂದು ತುಮಕೂರಿನವರೊಬ್ಬರಿಗೆ ಮಾತು ಕೊಟ್ಟರು. ಅವರು ಲಾರಿ ತರುತ್ತೇನೆಂದ ವಾರವೇ ನಿಮ್ಮಪ್ಪನ ಪತ್ರ ಬಂತು. ಇವರು ನಿಂತು ಓದಿದರು, ಕುಳಿತು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ತುಮಕೂರಿನವರಿಗೆ ಫೋನ್ ಮಾಡಿ, ಕೆಲಸ ಬಂದಿದೆ, ಲಾರಿ ತರಬೇಡಿ ಎಂದರು.

ಈಗ ಬೆಳಗಾದರೆ ಲೇತಿನ ಸದ್ದು. ನಿಮ್ಮ ರಟ್ಟುಗಳನ್ನು ಗೋಡೆಗೆ ಒರಗಿಸಿಕೊಂಡು, ಹೆಣ್ಣಿನ ಫೋಟೊ ನೋಡುವ ಹಾಗೆ ನೋಡುತ್ತಾರೆ. ಊಟಕ್ಕೆ ಕರೆದರೆ ಬೈಸಿಕೊಳ್ಳಬೇಕು. ಬೈಸಿಕೊಂಡು ಎಷ್ಟು ಕಾಲವಾಗಿತ್ತೆಂದರೆ, ನನಗೆ ಅದೇ ಒಂದು ಹಬ್ಬವಾಗಿದೆ.

ನಿಮ್ಮಪ್ಪನಿಗೆ ಹೇಳಬೇಡ. ಗೊತ್ತಾದರೆ ಕನಿಕರ ತೋರಿಸಲು ಹೋಗಿ ಕೆಡಿಸುತ್ತಾರೆ.

ನಿನ್ನ ಪ್ರೀತಿಯ
ನಿರ್ಮಲತ್ತೆ


ತುರುವೇಕೆರೆ
19 ಜೂನ್ 2024

ಚಿಕ್ಕರಂಗಯ್ಯನವರೇ,

ಕಾಯಿ ತುಂಬಲು ಬಂದಿದ್ದ ತಿಪಟೂರಿನ ಲಾರಿಯಲ್ಲಿ ಪ್ಲೇಟು ಕಳಿಸಿದ್ದೇನೆ. ಗೋಣಿಚೀಲದಲ್ಲಿ ಸುತ್ತಿದೆ, ಬಿಚ್ಚುವಾಗ ಮುಖಕ್ಕೆ ಪೆಟ್ಟಾಗಬಾರದು. ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯುತ್ತ ಹೋಗಬೇಡಿ, ಎದುರುಬದುರಾಗಿ ಬಿಗಿಯಿರಿ. ಕೈ ಸೋತಾಗ ಕೆಲಸ ನಿಲ್ಲಿಸಿ. ನಿಮಗೆ ನಿಲ್ಲಿಸುವುದು ಗೊತ್ತಿಲ್ಲ.

ಇಂಜಿನ್ನಿನ ಜೊತೆ ಬಂದಿರುವ ಕಂಪ್ಯೂಟರ್ ಪೆಟ್ಟಿಗೆಯನ್ನು ನೀರು ತಾಗದ ಜಾಗದಲ್ಲಿ ಕೂರಿಸಲು ಆ ಹುಡುಗ ಜುಂಜೇಶನಿಗೆ ಹೇಳಿ. ಈ ಕಾಲದ ಇಂಜಿನ್ನಿಗೆ ಬುದ್ಧಿಯೆಲ್ಲ ಅದರಲ್ಲೇ ಇರುತ್ತದೆ.

ಹಾಡು ಹೇಳುವುದುಂಟು. ಕೇಳುವವರಿಲ್ಲ.

ಇಂತು,
ಕಾಡಸಿದ್ದಪ್ಪ


ಹೊನ್ನವಳ್ಳಿ
2 ಜುಲೈ 2024

ಕಾಡಸಿದ್ದಪ್ಪನವರೇ,

ಈ ಪತ್ರವನ್ನು ಎರಡು ಸಲ ಬರೆದು ಹರಿದು ಹಾಕಿದ್ದೇನೆ.

ಪ್ಲೇಟು ಬಂತು. ಅದರ ಹೊಳಪು ನೋಡಿ ಜುಂಜೇಶ್ ಅದನ್ನು ಕೈಯೊರೆಸಿಕೊಂಡೇ ಮುಟ್ಟಿದ. ಇಂಜಿನ್ನೂ ಗೇರ್‌ಬಾಕ್ಸೂ ಜೋಡಿಸಿ, ಕೈಯಲ್ಲಿ ತಿರುಗಿಸಿ ನೋಡಿದೆವು. ಅರ್ಧ ಸುತ್ತು ಸಲೀಸಾಗಿ ಬರುತ್ತದೆ, ಉಳಿದರ್ಧ ಬಿಗಿಯಾಗುತ್ತದೆ. ಎರಡರ ನಡುಬಿಂದು ಎಲ್ಲೋ ಕೂದಲೆಳೆಯಷ್ಟು ತಪ್ಪಿದೆ. ಹೀಗೇ ಓಡಿಸಿದರೆ ಬೇರಿಂಗು ಉಳಿಯುವುದಿಲ್ಲ ಎನ್ನುತ್ತಾನೆ ಜುಂಜೇಶ್.

ಪ್ಲೇಟು ಸರಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ಬೇರೆಯವರ ಹತ್ತಿರ ತೋರಿಸೋಣವೇ ಎಂದು ಜುಂಜೇಶ್ ಕೇಳಿದ. ಬೇಡ ಎಂದೆ. ಮಳೆ ಹಿಡಿಯುತ್ತಿದೆ, ಲಸಿಕೆ ಹಾಕಲು ಕೋಮಲಾಗೆ ಇರುವ ಕಾಲ ಕಡಿಮೆ. ಆದರೂ ಬೇಡವೇ ಬೇಡ ಎಂದೆ. ಏನು ಮಾಡಬೇಕೋ ನೀವೇ ಬರೆಯಿರಿ.

ಇಂತಿ,
ಚಿಕ್ಕರಂಗಯ್ಯ


ತುರುವೇಕೆರೆ
6 ಜುಲೈ 2024

ಚಿಕ್ಕರಂಗಯ್ಯನವರೇ,

ಹದಿನಾಲ್ಕನೇ ತಾರೀಖು ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಜೀಪು ನೋಡಲು ಬರುವುದು, ಮಾತಾಡಲು ಅಲ್ಲ.

ಕಾಡಸಿದ್ದಪ್ಪ


ಹೊನ್ನವಳ್ಳಿ
17 ಜುಲೈ 2024

ನಿರ್ಮಲತ್ತೆಗೆ ಕೋಮಲಾ ಮಾಡುವ ನಮಸ್ಕಾರ.

ಮಾವ ನಾಳಿದ್ದು ಹೊರಡುತ್ತಾರೆ. ಅವರು ಬಂದರೂ ನಡೆದದ್ದರಲ್ಲಿ ಕಾಲು ಭಾಗವೂ ನಿಮಗೆ ಹೇಳುವುದಿಲ್ಲವೆಂದು ಗೊತ್ತು. ಎಲ್ಲ ಬರೆದು ತಿಳಿಸು ಎಂದು ನೀವು ಹೇಳಿದ ಹಾಗೆ ಬರೆಯುತ್ತಿದ್ದೇನೆ.

ಭಾನುವಾರ ಮಾವ ಬಸ್ಸಿಳಿದಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಲ್ದಾಣದಲ್ಲಿ ನಿಂತಿದ್ದರು. ಕಾಯಿ ವ್ಯಾಪಾರದವರು ಯಾರೋ ಬರುವವರಿದ್ದಾರೆ ಎಂದು ನನಗೆ ಹೇಳಿದ್ದರು. ಇಬ್ಬರೂ ನಿಲ್ದಾಣದಿಂದ ಮನೆಯವರೆಗೆ ರಸ್ತೆಯ ಒಂದೊಂದು ಬದಿ ಹಿಡಿದು ನಡೆದು ಬಂದರು. ನಾನು ನಡುವೆ ಮಾವನ ಚೀಲ ಹೊತ್ತುಕೊಂಡು ಬಂದೆ.

ಶೆಡ್ಡಿನಲ್ಲಿ ಇನ್ನೂ ತಮಾಷೆ. ಮಾತಿಲ್ಲವಲ್ಲ, ಇಬ್ಬರೂ ಚೀಟಿ ಬರೆಯಲು ಶುರು ಮಾಡಿದರು. ಮಾವ ಜೀಪಿನ ಈ ಕಡೆ, ಅಪ್ಪ ಆ ಕಡೆ, ನಾನು ಚೀಟಿ ಹಿಡಿದು ಸುತ್ತು ಹಾಕುವುದು. ದೊಡ್ಡ ಸ್ಪ್ಯಾನರು ಎಲ್ಲಿ ಎಂದು ಒಂದು ಚೀಟಿ. ಇಟ್ಟ ಜಾಗದಲ್ಲೇ ಇದೆ ಎಂದು ಅದಕ್ಕೊಂದು ಉತ್ತರ. ಕಾಫಿಗೆ ಸಕ್ಕರೆ ಜಾಸ್ತಿಯಾಯಿತೆಂದು ಕೂಡ ಒಂದು ಚೀಟಿ ಬಂತು. ಜುಂಜೇಶ್ ನಗು ತಡೆಯಲಾರದೆ ಆಗಾಗ ತೋಟದ ಕಡೆ ಹೋಗಿ ಬರುತ್ತಿದ್ದ.

ಮಾವ ಅಳತೆ ಹಿಡಿಯುವ ಗೇಜು ಇಟ್ಟು ಇಂಜಿನ್ನನ್ನು ಒಂದೊಂದೇ ಸುತ್ತು ತಿರುಗಿಸಿ, ಬಹಳ ಹೊತ್ತು ನೋಡಿ, ಕಡೆಗೆ ರಟ್ಟು ತರಿಸಿಕೊಂಡರು. ಅದನ್ನು ಬೆರಳಲ್ಲಿ ಒತ್ತಿದರು. ವಿಷಯ ಇಷ್ಟೇ ಅತ್ತೆ, ನಾವು ರಟ್ಟಿನ ಮೇಲೆ ಗುರುತು ಮೂಡಿಸಿದ ದಿನ ಮಳೆ ಬಂದಿತ್ತು. ತೇವ ಹಿಡಿದ ರಟ್ಟು ಉಬ್ಬಿತ್ತು. ಪ್ಲೇಟು ರಟ್ಟಿಗೆ ಸರಿಯಾಗಿಯೇ ಇತ್ತು, ರಟ್ಟೇ ಇಂಜಿನ್ನಿಗೆ ಸರಿಯಿರಲಿಲ್ಲ. ಮಾವ ಅದನ್ನು ಬರೆದುಕೊಟ್ಟ ಚೀಟಿ ಓದಿ ಅಪ್ಪ ಹಣೆ ಒರೆಸಿಕೊಂಡರು. ಮಾವನಿಗೂ ಎದೆಯ ಮೇಲಿನ ಭಾರ ಇಳಿದ ಹಾಗೆ ಕಂಡಿತು. ಆಮೇಲೆ ಅವರು ಪ್ಲೇಟಿನ ತೂತುಗಳನ್ನು ಒಂಚೂರು ಅಗಲಿಸಿ, ಅದನ್ನು ಸರಿಸಿ ಸರಿಸಿ ನಡುಬಿಂದು ಹಿಡಿದು, ಅಲ್ಲಾಡದಂತೆ ಹೊಸ ಪಿನ್ನು ಹೊಡೆದರು. ಸೋಮವಾರ ಸಂಜೆವರೆಗೂ ಅದೇ ಕೆಲಸ. ಅವರ ಕೈ ನಡುಗಲಿಲ್ಲ, ನಾನು ನೋಡುತ್ತಲೇ ಇದ್ದೆ.

ನಿನ್ನೆ ಬೆಳಿಗ್ಗೆ ಇಂಜಿನ್ನನ್ನು ಜೀಪಿಗೆ ಇಳಿಸಬೇಕು. ಜುಂಜೇಶ್ ಚೈನ್ ಎಳೆಯುತ್ತಿದ್ದ, ಮಾವ ಗೇರ್‌ಬಾಕ್ಸಿನ ಕಡೆ ಬಗ್ಗಿದ್ದರು. ಅಪ್ಪ ಎದುರಿಗೆ ನಿಂತು, ಇಂಜಿನ್ನನ್ನು ದಾರಿಗೆ ತರಲು ಕೈಯನ್ನು ಅದರ ಅಡಿಗೆ ಹಾಕಿದ್ದರು. ಪುಲ್ಲಿಯನ್ನು ತೊಲೆಗೆ ಕಟ್ಟಿದ್ದ ಹಗ್ಗ ಜಾರಿತು. ನಮಗೆ ಯಾರಿಗೂ ಅದು ಕಾಣಿಸಲೇ ಇಲ್ಲ.

“ಲೇ ರಂಗ, ಕೈ ತೆಗಿಯೋ.”

ಮಾವನ ದನಿಗೆ ತೋಟದ ಗಿಣಿಗಳೆಲ್ಲ ಎದ್ದವು. ಅಪ್ಪ ಕೈ ಎಳೆದುಕೊಂಡರು. ಅದೇ ಗಳಿಗೆಗೆ ಇಂಜಿನ್ನು ದೊಪ್ಪನೆ ಜೀಪಿನೊಳಗೆ ತನ್ನ ಜಾಗದಲ್ಲಿ ಕೂತಿತು. ಅಪ್ಪ ತಮ್ಮ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡರು. ಆಮೇಲೆ ಮಾವನ ಮುಖ ನೋಡಿ, ಬಹಳ ಸಣ್ಣ ದನಿಯಲ್ಲಿ ಹೇಳಿದರು.

“ತೆಗ್ದೆ ಕಣ್ಲಾ ಸಿದ್ದ.”

ಮಾವ ಅಲ್ಲೇ ಮಟ್ಟೆಯ ರಾಶಿಯ ಮೇಲೆ ಕುಳಿತುಬಿಟ್ಟರು. ಅಪ್ಪ ಹೋಗಿ ಪಕ್ಕದಲ್ಲಿ ಕುಳಿತರು. ಇಬ್ಬರ ಕಣ್ಣಲ್ಲೂ ನೀರಿತ್ತು. ಮಟ್ಟೆಯ ಧೂಳು ಎಂದರು.

ಅತ್ತೆ, ಅಲ್ಲಿಂದ ಮುಂದೆ ಬಾಯಿ ಮುಚ್ಚಿದ್ದಿಲ್ಲ. ಎಂಟು ವರ್ಷದ ಜಗಳವನ್ನು ಮಧ್ಯಾಹ್ನದ ಊಟದೊಳಗೆ ಆಡಿ ಮುಗಿಸಿದರು. ಹಳೆಯ ಇಂಜಿನ್ನು ಸೌದೆ ಒಲೆಯೋ ಅಲ್ಲವೋ ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಜಗಳವಾಡುತ್ತಲೇ ಒಂದೇ ಮೊರದಿಂದ ಕಡಲೆಪುರಿ ತಿಂದರು.

ಇವತ್ತು ಇಂಜಿನ್ ಶುರು ಮಾಡಿದೆವು. ಅಪ್ಪನಿಗೆ ಕೀ ಕೊಟ್ಟೆವು. ಅವರು ತಿರುಗಿಸಿದರು, ಕಾದರು, ಮತ್ತೆ ತಿರುಗಿಸಿದರು, ಒಳಗೆ ಕರ್ರೆಂದಿತು. ಇಷ್ಟೆಲ್ಲ ಮಾಡಿಯೂ ಶುರುವಾಗಲಿಲ್ಲವೆಂದು ಅವರ ಮುಖ ಸಪ್ಪಗಾಯಿತು. ಮಾವ ಹೋಗಿ ಅವರ ಕೈ ಹಿಡಿದುಕೊಂಡು, “ಆಗ್ಲೇ ಓಡ್ತಾ ಐತೆ, ಕೀ ಬುಡು,” ಅಂದರು. ಅಷ್ಟು ಸದ್ದಿಲ್ಲದ ಇಂಜಿನ್ನನ್ನು ಅಪ್ಪ ಕೇಳಿಯೇ ಇರಲಿಲ್ಲ. ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಅದು ನಡುಗುವುದು ಕೈಗೆ ಸಿಕ್ಕ ಮೇಲೆಯೇ ನಂಬಿದರು.

ಲೇತಿನ ವಿಷಯ ನಾನು ಹೇಳಲಿಲ್ಲ ಅತ್ತೆ. ಮಾವನೇ ಹೇಳಿದರು. ಅಪ್ಪ ಕನಿಕರ ತೋರಿಸಲಿಲ್ಲ. ನಿನಗೆ ತಲೆ ಕೆಟ್ಟಿತ್ತಾ ಎಂದು ಚೆನ್ನಾಗಿ ಬೈದರು.

ನಿಮ್ಮ ಮಗಳು,
ಕೋಮಲಾ


ಹೊನ್ನವಳ್ಳಿ
27 ಆಗಸ್ಟ್ 2024

ಸಿದ್ದನಿಗೆ,

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಇದನ್ನು ಮೊದಲಿಂದ ಕೊನೆಯವರೆಗೆ ನಾನೊಬ್ಬನೇ ಹೇಳಬೇಕು. ಅದಕ್ಕೇ ಕಾಗದ ತೆಗೆದುಕೊಂಡೆ.

ತಿಪಟೂರಿನಲ್ಲಿ ಜೀಪನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಿದೆವು. ಇನ್‌ಸ್ಪೆಕ್ಟರು ಅನುಮತಿ ಪತ್ರ ನೋಡಿ, ಹೊಸ ಇಂಜಿನ್ನಿನ ನಂಬರು ಬರೆದುಕೊಂಡು, ಒಂದು ಸುತ್ತು ಓಡಿಸಿ ತಂದರು. ಆಮೇಲೆ ಕೆಳಗೆ ಬಗ್ಗಿ ನಿನ್ನ ಪ್ಲೇಟನ್ನು ಬೆರಳಲ್ಲಿ ತಟ್ಟಿ, ಇದನ್ನು ಮಾಡಿದ್ದು ಯಾರು ಎಂದು ಕೇಳಿದರು. ನಿನ್ನ ವಿಳಾಸ ಕೊಟ್ಟಿದ್ದೇನೆ. ಅವರ ಅಣ್ಣನ ಹತ್ತಿರವೂ ಒಂದು ಹಳೆಯ ಜೀಪಿದೆಯಂತೆ.

ನಿನ್ನೆ ಗುಡ್ಡಕ್ಕೆ ಹೋದೆವು. ಕೋಮಲಾ ಓಡಿಸಿದಳು. ಪಕ್ಕದಲ್ಲಿ ನಾನು, ಹಿಂದೆ ಐಸ್ ಪೆಟ್ಟಿಗೆ ತಬ್ಬಿಕೊಂಡು ಜುಂಜೇಶ್. ಕೆಂಕೆರೆಯ ಹತ್ತಿರ ರಂಗಕ್ಕ ನಿಂತಿದ್ದರು. ಸಂತೆಯಿಂದ ತಂದ ರಾಗಿ ಮೂಟೆಯನ್ನೂ ಜೀಪಿಗೇರಿಸಿ ತಾವೂ ಹತ್ತಿದರು. ಭಾರ ಹೆಚ್ಚಾಯಿತೆಂದು ನಾನು ಗೊಣಗಿದೆ. ಕೋಮಲಾ ಕೇಳಿಸಿಕೊಳ್ಳಲಿಲ್ಲ.

ಹಿಂದಿನ ದಿನ ಮಳೆಯಾಗಿ ಕೆಮ್ಮಣ್ಣು ಬೆಣ್ಣೆಯಂತಾಗಿತ್ತು. ಏರು ಶುರುವಾಗುವ ಕಡೆ ಅವಳು ನಾಲ್ಕು ಚಕ್ರಕ್ಕೂ ಬಲ ಹೋಗುವ ಗೇರು ಹಾಕಿದಳು. ಹೋದ ವರ್ಷ ನಿಂತುಹೋದ ಬಂಡೆಯ ತಿರುವು ಹತ್ತಿರ ಬಂತು. ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಒಂದು ಚಕ್ರ ಜಾರಿ ಗಾಳಿಯಲ್ಲಿ ತಿರುಗಿತು. ಕಣ್ಣು ಮುಚ್ಚಿದೆ. ಮತ್ತೆ ಬಿಟ್ಟಾಗ ಬಂಡೆ ನಮ್ಮ ಹಿಂದೆ ಇತ್ತು ಕಣ್ಲಾ. ಇಂಜಿನ್ನು ದನಿಯೆತ್ತಲಿಲ್ಲ, ಹೊಗೆ ಬಿಡಲಿಲ್ಲ, ನಮ್ಮನ್ನೆಲ್ಲ ಎತ್ತಿಕೊಂಡು ಹೋಗಿ ಹಟ್ಟಿಯ ಬಾಗಿಲಲ್ಲಿ ಇಳಿಸಿತು. ಅಷ್ಟು ಎತ್ತರದಿಂದ ಬೋರನಕಣಿವೆಯ ನೀರು ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹೋದ ಸಲ ಹತ್ತಿದಾಗ ನೋಡುವ ಸ್ಥಿತಿಯಲ್ಲಿರಲಿಲ್ಲ.

ಕೋಮಲಾ ಪೆಟ್ಟಿಗೆಯ ಮುಚ್ಚಳ ತೆಗೆದಳು. ಐಸು ಗಟ್ಟಿಯಾಗಿಯೇ ಇತ್ತು. ಅವಳು ಒಂದು ಚೂರು ತೆಗೆದು ರಂಗಕ್ಕನ ಅಂಗೈಯಲ್ಲಿಟ್ಟಳು. ಹೋದ ವರ್ಷದಿಂದ ಆ ಇಬ್ಬರ ನಡುವೆ ಇದ್ದದ್ದು ಏನೋ, ಆ ಅಂಗೈಯಲ್ಲೇ ಕರಗಿತು. ರಂಗಕ್ಕ ಸೆರಗಿನಲ್ಲಿ ಕೈಯೊರೆಸಿಕೊಂಡು, ಹೋಗಿ ಮೊದಲ ಕುರಿಯನ್ನು ಹಿಡಿದು ತಂದರು.

ಸಂಜೆಯವರೆಗೂ ಸೂಜಿ ಹಾಕಿದಳು. ಆದ ಕುರಿಗೆಲ್ಲ ಬೆನ್ನಿನ ಮೇಲೆ ಕೆಂಪು ಬಣ್ಣ ಬಳಿಯುವ ಕೆಲಸ ನನ್ನದು. ನನ್ನ ಪಂಚೆ ನೋಡಿದರೆ ಓಕುಳಿಯಾಡಿ ಬಂದವನ ಹಾಗಿದೆ. ಹೊರಡುವಾಗ ರಂಗಕ್ಕ ಜೀಪಿನ ಸುತ್ತ ಒಂದು ಸುತ್ತು ಬಂದು, ಇದಕ್ಕೆ ಇಷ್ಟು ಕಸುವು ಬಂದದ್ದು ಯಾರಿಂದ ಎಂದು ಕೇಳಿದರು. ಮಗನ ಹೆಸರು ಹೇಳುತ್ತೇನೆಂದುಕೊಂಡಿದ್ದರೇನೋ. ಹೇಳಿದೆ, ಜುಂಜೇಶನದೂ ಹೇಳಿದೆ. ಆದರೆ ಮೊದಲು ಬಾಯಿಗೆ ಬಂದದ್ದು ಬೇರೆ.

“ತುರುವೇಕೆರೇಲಿ ನಮ್ಮ ಸಿದ್ದ ಅವ್ನೆ, ಅವನ ಕೈಕೆಲ್ಸ ಕಣವ್ವಾ.”

ನೀನು ಅಲ್ಲಿ ಇರಬೇಕಿತ್ತು. ಇಲ್ಲದ್ದೇ ಒಳ್ಳೆಯದಾಯಿತು, ಇದ್ದಿದ್ದರೆ ನಾನು ಹಾಗೆ ಹೇಳುತ್ತಿರಲಿಲ್ಲ.

ನಿನ್ನ
ರಂಗ


ತುರುವೇಕೆರೆ
2 ಸೆಪ್ಟೆಂಬರ್ 2024

ಲೇ ರಂಗ,

ನಿನ್ನ ಪತ್ರವನ್ನು ನಿರ್ಮಲಾಗೆ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಯ ಭಾಗ ಬಂದಾಗ ಕನ್ನಡಕ ಮಂಜಾಯಿತು, ಅವಳೇ ಓದಿಕೊಂಡಳು.

ಆ ಇನ್‌ಸ್ಪೆಕ್ಟರ ಅಣ್ಣ ಬಂದಿದ್ದರು. ಅವರ ಹಿಂದೆ ಇನ್ನೊಬ್ಬರು, ಚಿಕ್ಕನಾಯಕನಹಳ್ಳಿಯವರು, ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡೇ ಬಂದರು. ಇಬ್ಬರಿಗೂ ಹೇಳಿದ್ದೇನೆ, ಮೊದಲು ಆರ್‌ಟಿಒ ಅನುಮತಿ ತನ್ನಿ, ಆಮೇಲೆ ಗೇರ್‌ಬಾಕ್ಸನ್ನೇ ತಂದಿಡಿ, ರಟ್ಟು ಬೇಡ. ಲೇತ್ ಕೇಳಿದ್ದ ತುಮಕೂರಿನವರು ಹೋದ ವಾರ ಮತ್ತೆ ಈ ದಾರಿಯಲ್ಲಿ ಬಂದರು. ನಾನು ತಲೆ ಎತ್ತಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತು ನೋಡಿ, ಮುರಿದ ಶಾಫ್ಟೊಂದನ್ನು ಗಾಡಿಯಿಂದ ತೆಗೆದು ಬೆಂಚಿನ ಮೇಲಿಟ್ಟು, ಸರಿಮಾಡಿ ಕೊಡಿ ಎಂದು ಹೋದರು.

ಜೀಪಿನಲ್ಲಿ ಗುಡ್ಡ ಹತ್ತಿದ ಕಥೆಯೆಲ್ಲ ಚೆನ್ನಾಗಿದೆ. ನೀನು ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತವನು, ನಿನಗೆ ಇಂಜಿನ್ನಿನ ಬಗ್ಗೆ ಏನು ಗೊತ್ತಾದೀತು. ನಾನೊಮ್ಮೆ ಓಡಿಸಿ ನೋಡಬೇಕು. ಶುಕ್ರವಾರ ಗೌರಿ ಹಬ್ಬ. ಕೋಮಲಾ ಬಾಗಿನ ಅತ್ತೆಯ ಕೈಯಿಂದಲೇ ಆಗಬೇಕೆಂದು ನಿರ್ಮಲಾ ಹಟ ಹಿಡಿದಿದ್ದಾಳೆ. ಅಪ್ಪ ಮಗಳು ಇಬ್ಬರೂ ಬನ್ನಿ, ಜೀಪಿನಲ್ಲೇ ಬನ್ನಿ. ಕಡುಬು ಆದ ಮೇಲೆ ಊರ ಹೊರಗಿನವರೆಗೆ ನಾನು ಓಡಿಸುತ್ತೇನೆ, ನೀನು ಹಾಡು ಕೇಳಬೇಕು, ನಿಲ್ಲಿಸು ಅನ್ನುವ ಹಾಗಿಲ್ಲ.

ಇದಕ್ಕೆ ಉತ್ತರ ಬರೆಯುತ್ತ ಕೂರಬೇಡ. ಮೊದಲೆಲ್ಲ ನಿನ್ನ ಜೀಪು ಪೇಟೆ ಬೀದಿಗೆ ತಿರುಗಿದರೆ ಸದ್ದಿಗೇ ಗೊತ್ತಾಗಿ ನಿರ್ಮಲಾ ಕಾಫಿಗೆ ನೀರಿಡುತ್ತಿದ್ದಳು. ಈಗ ಆ ಸದ್ದಿಲ್ಲ. ತಿರುವಿನಲ್ಲಿ ಹಾರ್ನ್ ಹೊಡಿ. ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ನಿನ್ನ
ಸಿದ್ದ